ಮಿಸ್ಸಿಗೆ ಮುದ್ದೆ ನುಂಗಲು ಕಲಿಸಿದ್ದು ನಾನು

ನಮ್ಮ ದೊಡ್ಡ ಮಿಸ್ಸಿನ ಶಿವಗಣಾರಾಧನೆಯ ದಿನ ಬಸವೇಶ್ವರನಗರದ ಹಾಲ್‌ ಮುಂದೆ ಚಪ್ಪಲಿ ಬಿಡುತ್ತಿದ್ದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮಿಸ್ಸಿನ ಫೋಟೋ ಅಲ್ಲ, ರೊಟ್ಟಿ. ತಿನ್ನುವ ರೊಟ್ಟಿಯಲ್ಲ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಆ ಹೆಸರು ಇಟ್ಟವಳು ನಾನೇ, ಮನಸ್ಸಿನಲ್ಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದವರಿಗೆ ವಿಭೂತಿ ತಟ್ಟೆ ಹಿಡಿಯುತ್ತ, ಮನೆಮಗಳ ಹಾಗೆ ಓಡಾಡುತ್ತಿದ್ದಳು. ಮಿಸ್ಸಿನ ಮಗ ಅವಳನ್ನು ಕೇಳದೆ ಒಂದು ಕುರ್ಚಿಯನ್ನೂ ಸರಿಸುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಅಳು ಬರಬೇಕು. ನನಗೆ ಬಂದದ್ದು ಹೊಟ್ಟೆಕಿಚ್ಚು.

ಮಿಸ್ ದಾವಣಗೆರೆ ಕಡೆಯವರು. ಮದುವೆಯಾಗಿ ಈ ಬಡಾವಣೆಗೆ ಬಂದು, ಮನೆಯ ಮುಂದೆ ಶೀಟು ಹೊದಿಸಿ ಶಾಲೆ ಶುರು ಮಾಡಿದರು. ಬಡಾವಣೆಯ ಮಕ್ಕಳಷ್ಟೇ ಸಾಲದು ಎನಿಸಿತೋ ಏನೋ, ಒಂದು ದಿನ ಮಲ್ಲತ್ತಹಳ್ಳಿಗೆ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ಆಗಿನ್ನೂ ನಮ್ಮೂರು ಊರಾಗಿಯೇ ಇತ್ತು, ಕೆರೆಯ ಪಕ್ಕ ನಮ್ಮ ರಾಗಿ ಹೊಲವೂ ಇತ್ತು. ಹೆಣ್ಣುಮಗು ಅಷ್ಟು ದೂರ ಹೋಗಿ ಓದಿ ಏನು ಕಡಿದು ಕಟ್ಟೆ ಹಾಕಬೇಕು ಎಂದು ಅಜ್ಜಿ ಕೇಳಿದಳು. ಮಿಸ್ ವಾದ ಮಾಡಲಿಲ್ಲ. ಮಜ್ಜಿಗೆ ಕೇಳಿ ಕುಡಿದು ಎದ್ದು ಹೋದರು, ಮರುದಿನ ಮತ್ತೆ ಬಂದು ಅಲ್ಲೇ ಕೂತರು. ಹೀಗೇ ಬಂದೂ ಬಂದೂ ಕೊನೆಗೆ ಅಜ್ಜಿಗೇ ಸಾಕಾಯಿತು. ಕಳಿಸುತ್ತೇನೆ, ಮೊದಲು ಜಗಲಿ ಬಿಟ್ಟು ಏಳು ತಾಯಿ ಎಂದಳಂತೆ.

ಮಿಸ್ ಮಧ್ಯಾಹ್ನಕ್ಕೆ ಊಟ ತರುತ್ತಿರಲಿಲ್ಲ. ಗಂಟೆ ಹೊಡೆದ ಮೇಲೆ ಸಾಲಾಗಿ ಕೂತ ಮಕ್ಕಳ ನಡುವೆ ನಡೆಯುತ್ತ ಒಬ್ಬೊಬ್ಬರ ಡಬ್ಬಿಯಿಂದ ಒಂದೊಂದು ತುತ್ತು ತೆಗೆದುಕೊಳ್ಳುವರು. ಅದೇ ಅವರ ಊಟ. ಲಿಂಗ ಕಟ್ಟಿದವರು ಕಂಡಕಂಡವರ ಡಬ್ಬಿಗೆ ಕೈ ಹಾಕುತ್ತಾರೆ ಎಂದು ಅವರ ಕಡೆಯವರೇ ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಮನೆಯಲ್ಲೋ, ಮಿಸ್ಸಮ್ಮ ತಿನ್ನುವ ಡಬ್ಬಿ ಎಂದು ಅಜ್ಜಿ ಬಾಡೂಟವನ್ನೆಲ್ಲ ಭಾನುವಾರಕ್ಕೆ ದೂಡಿದಳು. ಅಪ್ಪನಿಗೆ ಅದೊಂದು ಸಿಟ್ಟು ಬಹಳ ದಿನ ಇತ್ತು.

ರೊಟ್ಟಿಯ ಡಬ್ಬಿಯಲ್ಲಿ ದಿನವೂ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆನೆಮೊಸರು. ಅವಳ ತಾಯಿಯ ತವರೂ ಮಿಸ್ಸಿನ ತವರೂ ಅಕ್ಕಪಕ್ಕ. ಎಲ್ಲರ ಡಬ್ಬಿಯ ಮುಂದೆ ನಿಂತೇ ತಿನ್ನುತ್ತಿದ್ದ ಮಿಸ್, ಅವಳ ಡಬ್ಬಿಯ ಮುಂದೆ ಕೂರುತ್ತಿದ್ದರು. ಕಣ್ಣು ಮುಚ್ಚಿ ಅಗಿಯುತ್ತ, ನಮ್ಮವ್ವನ ಕೈರುಚಿ ಎನ್ನುತ್ತಿದ್ದರು. ಪಕ್ಕದಲ್ಲಿ ನಾನು ಮುಚ್ಚಳ ಮುಚ್ಚಿಕೊಂಡು ಕೂತಿರುತ್ತಿದ್ದೆ. ನನ್ನದು ರಾಗಿಮುದ್ದೆ, ಸೊಪ್ಪಿನ ಸಾರು. ಡಬ್ಬಿಯಲ್ಲಿ ಮುದ್ದೆ ತರುತ್ತಿದ್ದವಳು ನಾನೊಬ್ಬಳೇ. ಅವಳ ಡಬ್ಬಿ ಮೋರಿಗೆ ಬೀಳಲಿ ಎಂದು ಮನೆದೇವರಿಗೆ ಬೇಡಿಕೊಂಡಿದ್ದೂ ಉಂಟು. ಬೀಳಲಿಲ್ಲ.

ಒಂದು ದಿನ ಮಿಸ್ ನನ್ನ ಮುಚ್ಚಳವನ್ನು ತಾವೇ ತೆಗೆದು, ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡು ರೊಟ್ಟಿ ಅಗಿದ ಹಾಗೆ ಅಗಿಯತೊಡಗಿದರು. ಹಿಟ್ಟು ಹಲ್ಲಿಗೆಲ್ಲ ಮೆತ್ತಿ ಬಾಯಿ ತೆರೆಯಲಾಗದೆ ಒದ್ದಾಡಿದರು. ಮಕ್ಕಳೆಲ್ಲ ನಕ್ಕರು. ಅಲ್ಲಿಯವರೆಗೆ ತರಗತಿಯಲ್ಲಿ ಹಾಜರಿ ಹೇಳುವುದಕ್ಕೂ ತಡವರಿಸುತ್ತಿದ್ದ ನನ್ನ ಬಾಯಿಂದ ತಾನಾಗಿ ಮಾತು ಬಂತು. "ಮಿಸ್, ಅಗೀಬಾರ್ದು. ನುಂಗ್ಬೇಕು."

ಅವರು ನೀರು ಕುಡಿದು ನನ್ನ ಕೈ ಹಿಡಿದು ಎಬ್ಬಿಸಿ ಬೋರ್ಡಿನ ಮುಂದೆ ನಿಲ್ಲಿಸಿದರು. ತಾವು ಹೋಗಿ ಬೆಂಚಿನಲ್ಲಿ ನನ್ನ ಜಾಗದಲ್ಲಿ ಕೂತರು. "ಅಗ್ದು ಅಗ್ದು ನಮ್ ಹಲ್ಲಿಗೆ ಅದೇ ರೂಢಿ ಆಗೇತವ್ವ. ಇವತ್ತು ನೀನು ಮಿಸ್ಸು. ನುಂಗೋದು ಹೆಂಗಂತ ಹೇಳು."

ನಾನು ಹೇಳಿದೆ. ತುತ್ತು ಮುರಿಯುವುದು, ಬೆರಳಲ್ಲಿ ಉಂಡೆ ಮಾಡುವುದು, ಸಾರಲ್ಲಿ ಹೊರಳಿಸುವುದು, ಹಲ್ಲಿಗೆ ತಾಗಿಸದೆ ಒಳಗೆ ಬಿಡುವುದು. ಅವರು ಎರಡು ಸಲ ಸೋತು ಮೂರನೆಯ ಸಲ ನುಂಗಿದರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಈಗ ಕೆಂಗೇರಿಯ ಹೈಸ್ಕೂಲಿನಲ್ಲಿ ನಾನು ಟೀಚರು. ಇವತ್ತಿಗೂ ಬೋರ್ಡಿನ ಮುಂದೆ ನಿಂತಾಗ ಕಾಲು ನಡುಗದೆ ಇರುವುದು ಆ ಮಧ್ಯಾಹ್ನದ ಋಣ. ಅವರು ನನಗೆ ಅಕ್ಷರ ಕಲಿಸಿದರು ಎಂದರೆ ಅರ್ಧ ಹೇಳಿದಂತೆ, ನನ್ನಿಂದ ಕಲಿತರು. ಅಂಥ ಮಾತು ಈ ಹಾಲ್‌ನಲ್ಲಿ ಇನ್ಯಾರು ಹೇಳಬಲ್ಲರು ಎಂಬ ಜಂಬದಲ್ಲೇ ನಾನು ಬಂದಿದ್ದೆ.

ಆದರೆ ಮಿಸ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದು ನನಗೆ ತಿಳಿದದ್ದು ಸಾವಿನ ಸುದ್ದಿಯ ಜೊತೆಗೇ. ಯಾರಿಗೂ ಹೇಳಬೇಡ, ಓದಿಹೋದ ಮಕ್ಕಳೆಲ್ಲ ಕೆಲಸ ಬಿಟ್ಟು ಓಡಿಬರುತ್ತವೆ ಎಂದು ಮಗನ ಬಾಯಿ ಕಟ್ಟಿದ್ದರಂತೆ. ರೊಟ್ಟಿ ಮಾತ್ರ ಎದುರು ಮನೆಯವಳು. ಹೇಳಬೇಕಾಗಿಯೇ ಇರಲಿಲ್ಲ, ಗೇಟು ದಾಟಿದರೆ ಮಿಸ್. ನಾನಿರುವುದು ದೂರದ ಬ್ಯಾಡರಹಳ್ಳಿಯಲ್ಲಿ. ಆ ಒಂದು ಗೇಟಿನ ಮೇಲೆ ನನಗೆ ಎಷ್ಟು ಉರಿ ಬಂತೆಂದರೆ, ಪ್ರಸಾದದ ಪಂಕ್ತಿಯಲ್ಲಿ ಕೂತಾಗಲೂ ಎಲೆ ನೋಡಿಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಗೋಧಿ ಹುಗ್ಗಿ ಬಡಿಸುತ್ತ ಅವಳು ನನ್ನ ಎಲೆಯ ಮುಂದೆ ಬಂದಳು. ಮುಂದಕ್ಕೆ ಹೋಗಲಿಲ್ಲ. ಬಕೆಟ್ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಳು.

"ಕೊನೇಲಿ ಮಿಸ್ಸಿಗೆ ಹಲ್ಲೇ ಇರ್ಲಿಲ್ಲ ಕಣೇ. ರೊಟ್ಟಿ ನೆನೆಸಿಕೊಟ್ರೂ ಆಗ್ತಿರ್ಲಿಲ್ಲ. ಮುದ್ದೆ ಮಾಡು, ನುಂಗ್ತೀನಿ ಅನ್ನೋರು."

ಹೇಳಿದರೆ ನಗುತ್ತೀರಿ, ಆ ಸಾವಿನೂಟದಲ್ಲಿ ನನ್ನ ಎದೆ ಉಬ್ಬಿತು. ಇಷ್ಟು ವರ್ಷದ ಮೇಲೆ ರೊಟ್ಟಿ ಸೋತು ಮುದ್ದೆ ಗೆದ್ದಿತ್ತು.

ಅವಳು ಸೌಟನ್ನೇ ನೋಡುತ್ತ ಮುಂದುವರಿಸಿದಳು. ದಿನಾ ಮಾಡಿದರೂ ಅವಳ ಮುದ್ದೆ ಬರೀ ಗಂಟಾಗುತ್ತಿತ್ತಂತೆ. ಮಲ್ಲತ್ತಹಳ್ಳಿ ಹುಡುಗಿಯ ಡಬ್ಬಿಯದು ಹೀಗಿರಲಿಲ್ಲ ಎಂದು ಮಿಸ್ ತುತ್ತು ತುತ್ತಿಗೂ ಹೇಳುತ್ತಿದ್ದರಂತೆ. ಹೇಳುತ್ತಲೇ ಕಷ್ಟಪಟ್ಟು ನುಂಗುತ್ತಿದ್ದರಂತೆ.

"ಒಂದ್ ಫೋನ್ ಮಾಡಿದ್ರೆ ಹೇಳ್ಕೊಡ್ತಿದ್ನಲ್ಲೇ," ಎಂದೆ. "ಹಿಟ್ಟು ಹಾಕಿದ ತಕ್ಷಣ ತಿರುವಬಾರ್ದು, ಅಷ್ಟೇ. ಬೇಯೋಕೆ ಬಿಡ್ಬೇಕು."

"ನಂಬರ್ ಇತ್ತು. ಎಷ್ಟೋ ಸಲ ತೆಗೆದು ನೋಡ್ದೆ." ಅವಳು ಕಣ್ಣೆತ್ತಿದಳು. "ಮಾಡಿದ್ರೆ ನೀನೇ ಬಂದ್ಬಿಡ್ತಿದ್ದೆ."

ಬೈಯಲು ಬಾಯಿ ತೆರೆದೆ. ಆದರೆ ಅವಳು ಹೇಳಿದ್ದು ನಿಜ, ನಾನು ಬಂದೇಬಿಡುತ್ತಿದ್ದೆ. ಬಂದು ಆ ಒಲೆಯ ಮುಂದಿನಿಂದ ಅವಳನ್ನು ಏಳಿಸುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದು, ಮಿಸ್ ರೊಟ್ಟಿ ಕೇಳಿದ್ದರೆ, ನಾನೂ ಹರಿದುಹೋದ ರೊಟ್ಟಿಯನ್ನೇ ತಟ್ಟಿ ಕೊಡುತ್ತಿದ್ದೆನೇ ಹೊರತು ಅವಳಿಗೆ ಫೋನ್ ಮಾಡುತ್ತಿರಲಿಲ್ಲ. ನಾವಿಬ್ಬರೂ ಅವರನ್ನು ಅಷ್ಟು ಪ್ರೀತಿಸುತ್ತಿದ್ದೆವು. ನಮ್ಮ ಮಧ್ಯೆ ಸಿಕ್ಕಿಕೊಂಡು, ಮಿಸ್ ಕೊನೆಯವರೆಗೂ ಗಂಟು ಮುದ್ದೆಯನ್ನೇ ನುಂಗಿದರು.