ಗೌರಿಯ ಹಾಲಿನ ರುಚಿ

ಗೆಳೆಯರೇ, ಮಕ್ಕಳಿಗೆ ಹಾಲು ಕೊಟ್ಟಿದ್ದಕ್ಕೆ ಇವತ್ತು ಬೈಸಿಕೊಂಡೆ!

ಹಗರೆ ಕಡೆಯ ನಮ್ಮ ಶಾಲೆಯಲ್ಲಿ ಬೆಳಗ್ಗೆ ಮಕ್ಕಳೆಲ್ಲ ಲೋಟ ಹಿಡಿದು ಕೂತಿದ್ದರು. ಹಾಲಿನ ಪುಡಿ ಕಲಸಿ ಕಾಯಿಸಿದ್ದನ್ನು ಬಗ್ಗಿಸುತ್ತಿದ್ದೆ. ಅಷ್ಟರಲ್ಲಿ ಎರಡನೇ ಕ್ಲಾಸಿನ ಚಂದನಾಳ ಅಪ್ಪ ಮಂಜಣ್ಣ ಬೈಕನ್ನು ಬಾಗಿಲಿಗೇ ತಂದು ನಿಲ್ಲಿಸಿದರು. ಡೈರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು ಹಿಂದೆ ತೂಗಾಡುತ್ತಿತ್ತು.

"ಮೇಡಂ, ನೀವು ಇಲ್ಲಿ ಹಾಲು ಕುಡಿಸಿ ರೂಢಿ ಮಾಡ್ಬಿಟ್ರಿ. ಈಗ ಮನೇಲೂ ಹಾಲೇ ಬೇಕು ಅಂತ ಹಟ ಮಾಡ್ತಾಳೆ. ಡೈರಿಗೆ ಹಾಕೋದೇನು?"

"ಮತ್ತೆ ಮನೇಲಿ ಏನು ಕೊಡ್ತೀರಿ?"

"ಬೆಲ್ಲದ ಕಾಪಿ ಕೊಡ್ತೀವಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಲೋಟ ಹಾಲು ಅವರ ಕೈಗೇ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಏನ್ ಮೇಡಂ, ಇಷ್ಟು ತೆಳ್ಳಗೈತೆ! ನಮ್ಮನೆ ಹಸ ಗೌರಿ ಹಾಲು ಕುಡುದ್ರೆ ನೀವು ಇದನ್ನ ಮುಟ್ಟಲ್ಲ. ಚಂದನಾ, ಗೌರಿ ಹಾಲೇ ರುಚಿ ತಾನೆ? ಹೇಳವ್ವ ಮೇಡಂಗೆ."

ಚಂದನಾ ಹಾಲಿನ ಮೀಸೆ ಒರೆಸಿಕೊಂಡಳು. "ನಂಗೇನ್ ಗೊತ್ತಪ್ಪ? ನೀನು ಯಾವತ್ತು ಕೊಟ್ಟಿದ್ದೀಯ?"

ಅಡುಗೆಯ ಅಕ್ಕ ಸೌಟು ಕೆಳಗಿಟ್ಟು ನಕ್ಕರು. ಮಂಜಣ್ಣನೂ ತಲೆ ಕೆರೆದುಕೊಂಡು ನಕ್ಕರು. ಹೊರಡುವಾಗ ಮಗಳಿಗೆ, "ಸಂಜೆ ಹಾಲು ಕರೆದಾಗ ಮೊದಲ್ನೇ ಲೋಟ ನಿಂದೇ ಕಣವ್ವ" ಅಂದರು.

ಡೈರಿಯವರೇ, ಇವತ್ತು ಸಂಜೆ ಗೌರಿಯ ಹಾಲು ಒಂದು ಲೋಟ ಕಡಿಮೆ ಬಂದರೆ ಮಂಜಣ್ಣನನ್ನು ಏನೂ ಅನ್ನಬೇಡಿ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಹಾಲಿನ ವಿಷಯದಲ್ಲಿ ಬೈಸಿಕೊಳ್ಳುವುದು ನನಗೀಗ ರೂಢಿಯಾಗಿದೆ.