ಬದುವಿನ ಮೇಲಿನ ಎರಡು ತಂತಿ

ಜಗತ್ತಿನ ಚಿಂತೆ ಮಾಡುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ಇಂಡಿ ಪಟ್ಟಣದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಮಾತು. ತಾವೇ ಯೋಚಿಸಿ ತಾವೇ ಗುಂಡು ಹಾರಿಸುವ ಯಂತ್ರಗಳಿಗಾಗಿ ದೊಡ್ಡ ದೇಶಗಳು ಪೈಪೋಟಿಗೆ ಬಿದ್ದಿವೆ ಎಂದು ಪೇಪರಿನಲ್ಲಿ ಓದಿದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ. ಕ್ಷಿಪಣಿ ಬಂತೆಂದು ಕಂಪ್ಯೂಟರೇ ಹೇಳಿ, ಉತ್ತರವನ್ನೂ ಅದೇ ಕೊಟ್ಟುಬಿಟ್ಟರೆ, ನಡುವೆ ಮನುಷ್ಯನಿಗೆ ಕೆಮ್ಮುವಷ್ಟಾದರೂ ಪುರುಸೊತ್ತು ಬೇಡವೇ? "ಮೊದಲ ರೊಟ್ಟಿ ತಿನ್ರಿ, ಆಮ್ಯಾಲೆ ಜಗತ್ತು ಉಳಸೀರಂತ" ಎನ್ನುತ್ತಿದ್ದಳು ಹೆಂಡತಿ.

ಅಂಥ ಯಂತ್ರವನ್ನು ನಾನು ಕಣ್ಣಾರೆ ಕಂಡದ್ದು ಮಾತ್ರ ಹೂವಿನ ಹಿಪ್ಪರಗಿಯ ಜೋಳದ ಹೊಲದಲ್ಲಿ. ನನ್ನ ಇಬ್ಬರು ಸೋದರಮಾವಂದಿರು ಹೊಲ ಪಾಲಾದ ಮೇಲೆ ಮಾತು ಬಿಟ್ಟಿದ್ದರು. ಹಂದಿ ಕಾಟಕ್ಕೆಂದು ಕಿರಿಯ ಶಿವಪ್ಪ ಮಾಮಾ ಬದುವಿನ ಮೇಲೆ ತಂತಿ ಎಳೆದು, ಬಾಗೇವಾಡಿಯ ರೇಡಿಯೋ ರಿಪೇರಿಯವನಿಂದ ಒಂದು ಡಬ್ಬಿ ಕೂಡಿಸಿದ. ಅಡ್ಡ ಕಟ್ಟಿದ ದಾರ ಅಲುಗಿದರೆ ಸಾಕು, ಡಬ್ಬಿ ತಾನೇ ತಂತಿಗೆ ಕರೆಂಟ್ ಬಿಡುತ್ತಿತ್ತು. ಹಿರಿಯ ಮಲ್ಲಪ್ಪ ಮಾಮಾ ಸುಮ್ಮನಿರುತ್ತಾನೆಯೇ? ಮರುವಾರವೇ ಅವನದೂ ಒಂದು ತಂತಿ, ಒಂದು ಡಬ್ಬಿ ಬಂತು. ತೆಗೆಯಿರಿ ಎಂದರೆ ಇಬ್ಬರದೂ ಒಂದೇ ಉತ್ತರ: "ಅವ ಮೊದಲ ತಗೀಲಿ." ನಾನು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಿಶ್ಶಸ್ತ್ರೀಕರಣವೆಲ್ಲ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಅಂದು ಭೂಮಿತಾಯಿಗೆ ಚರಗ ಚೆಲ್ಲಬೇಕು. ಕಡುಬು, ಪಲ್ಯ, ಅನ್ನ ಕಲಸಿ ಹೊಲದ ಸುತ್ತ ಚೆಲ್ಲುತ್ತ ಒಬ್ಬರು ಮುಂದೆ, ನೀರು ಚಿಮುಕಿಸುತ್ತ ಒಬ್ಬರು ಹಿಂದೆ, ಇಬ್ಬರೂ ಬರಿಗಾಲಲ್ಲಿ. ಯಾವ ಬದುವನ್ನೂ ಬಿಡುವಂತಿಲ್ಲ. ಮಲ್ಲಪ್ಪ ಮಾಮಾ, ಅವನ ಹಿಂದೆ ತಂಬಿಗೆ ಹಿಡಿದ ಅವನ ಹೆಂಡತಿ, ನನ್ನ ಅತ್ತಿ, ಆ ಬದುವಿಗೆ ಬಂದವರು ನಿಂತೇಬಿಟ್ಟರು. ಆಚೆಯಿಂದ ಶಿವಪ್ಪ ಮಾಮಾನೂ ಚರಗದ ಬುಟ್ಟಿ ಹಿಡಿದು ಬಂದು ನಿಂತ. ಡಬ್ಬಿಗಳಿಗೆ ಹಂದಿ ಯಾವುದು, ಅಣ್ಣ ಯಾರು ಗೊತ್ತಿಲ್ಲ. ಅತ್ತಿಯ ಕೈ ಒದ್ದೆ. ಹಬ್ಬಕ್ಕೆಂದು ಬಂದು ಅವಳ ಹಿಂದೆ ನಡೆಯುತ್ತಿದ್ದ ನಾನು, ಜಗತ್ತಿಗೆಲ್ಲ ಬುದ್ಧಿ ಹೇಳುವವನು, ನಾಲ್ಕು ಹೆಜ್ಜೆ ಹಿಂದೆ ಸರಿದೆ.

"ಶಿವಪ್ಪಾ, ಕರೆಂಟ್ ತಗದೀಯೇನೋ?" ಎಂದಳು ಅತ್ತಿ.

"ನಸುಕಿನ್ಯಾಗ ತಗದೇನಿ, ವೈನಿ. ನಿಮ್ಮದು?"

"ನಾವೂ ತಗದೇವಿ."

ಆದರೂ ಯಾರ ಕಾಲೂ ಏಳಲಿಲ್ಲ. ಕೊನೆಗೆ ಶಿವಪ್ಪ ಮಾಮಾ ಬುಟ್ಟಿ ಕೆಳಗಿಟ್ಟು, ದಾರ ಜಗ್ಗಿ, ತನ್ನ ತಂತಿಯನ್ನು ತಾನೇ ಮುಷ್ಟಿಯಲ್ಲಿ ಹಿಡಿದು ನಿಂತ. "ಬಾ ಯಣ್ಣಾ." ಮಲ್ಲಪ್ಪ ಮಾಮಾ ಬುಟ್ಟಿ ಇಳಿಸಿ ತನ್ನ ದಾರ ಜಗ್ಗಿದ. ಅವನೂ ಬಗ್ಗಿ ತನ್ನ ತಂತಿ ಹಿಡಿದ.

ಊಟಕ್ಕೆ ಎಲ್ಲರೂ ಒಂದೇ ಬೇವಿನ ಗಿಡದ ಕೆಳಗೆ ಕೂತೆವು. ಧೈರ್ಯ ಮರಳಿದ ನಾನು ಅಮೆರಿಕ, ರಷ್ಯಾ, ಚೀನಾಗಳ ಯಂತ್ರಗಳ ಕಥೆ ಶುರುಮಾಡಿದೆ. ಮಲ್ಲಪ್ಪ ಮಾಮಾ ಎಲ್ಲ ಕೇಳಿ, "ಆ ದೊಡ್ಡ ದೇಶದಾವ್ರು ವರ್ಷಕ್ಕೊಮ್ಮೆರ ತಮ್ಮ ಬದುವಿನ ಮ್ಯಾಲೆ ಬರಿಗಾಲಲೆ ಅಡ್ಡಾಡ್ತಾರೇನೋ?" ಎಂದ.

ಇಲ್ಲ ಎಂದೆ.

"ಹಂಗಾದ್ರ ಅಂಜಬೇಕು ಬಿಡು" ಎಂದು ತಮ್ಮನ ಎಲೆಗೆ ಇನ್ನೊಂದು ಕಡುಬು ಹಾಕಿದ.