ಇವರಿಗೆ ಆರಾಮ ಇಲ್ಲ

ನನ್ನ ಗಂಡನಿಗೆ ಭಾನುವಾರವೆಂದರೆ ಮಾನೇಸರದ ಕಾರ್ಖಾನೆಗಿಂತ ದೊಡ್ಡ ಡ್ಯೂಟಿ. ವಾರವೆಲ್ಲ ಅಲ್ಲಿ ಗಾಡಿಗಳ ಬಿಡಿಭಾಗ ತಪಾಸಣೆ ಮಾಡುವ ವಿಭಾಗ ನೋಡಿಕೊಳ್ಳುತ್ತಾರೆ. ಭಾನುವಾರ ಬಂತೆಂದರೆ ದ್ವಾರಕಾದ ನಮ್ಮ ಮನೆಯಿಂದ ಬೆಳಿಗ್ಗೆಯೇ ಕಾರು ಹೊರಡಬೇಕು. ಯಮುನೆ ದಾಟಿ ಲಕ್ಷ್ಮೀ ನಗರಕ್ಕೆ ಹೋಗಿ, ಅಲ್ಲಿರುವ ನಮ್ಮ ಊರ ಕಡೆಯ ವಯಸ್ಸಾದ ಅಕ್ಕಂದಿರನ್ನು ಕೂರಿಸಿಕೊಂಡು ಬಂದು, ಸಭೆ ಸೇರುವ ಹಾಲ್‌ನ ಬೀಗ ತೆಗೆದು, ಕುರ್ಚಿ ಹಾಕಿ, ಕೀಬೋರ್ಡಿಗೆ ವೈರು ಚುಚ್ಚಿ, ಹಾಡು ಎತ್ತಿ, ಚಹಾ ಹಂಚಿ, ಕೊನೆಗೆ ಅದೇ ಅಕ್ಕಂದಿರನ್ನು ಮತ್ತೆ ಯಮುನೆ ದಾಟಿಸಿ ಬಿಟ್ಟುಬರಬೇಕು. ನಮ್ಮದು ಸಣ್ಣ ಕನ್ನಡ ಕ್ರೈಸ್ತ ಸಭೆ. ಸ್ವಂತ ದೇವಾಲಯವಿಲ್ಲ. ಹಿಂದಿ ಸಭೆಯವರು ಆರಾಧನೆ ಮುಗಿಸಿ ಹೋದ ಮೇಲೆ ಮಧ್ಯಾಹ್ನ ಅವರ ಹಾಲ್‌ನಲ್ಲಿ ಸೇರುತ್ತೇವೆ. ಬರುವವರೆಲ್ಲ ಧಾರವಾಡ, ಗದಗ, ಮಂಗಳೂರಿನ ಕಡೆಯಿಂದ ನೌಕರಿಗೆಂದು ದಿಲ್ಲಿಗೆ ಬಂದವರು. ಕೆಲವರು ಮಿಲಿಟರಿಯವರು, ವರ್ಗವಾದರೆ ಮುಂದಿನ ವಾರದಿಂದ ಕುರ್ಚಿ ಖಾಲಿ.

"ಬ್ಯಾರೇಯವರಿಗೂ ಒಂದೀಟು ಮಾಡಾಕ ಬಿಡ್ರಿ" ಎಂದು ನಾನು ಬೇಕಾದಷ್ಟು ಸಲ ಹೇಳಿದ್ದೆ. "ದೇವರ ಕೆಲಸಕ್ಕ ರಜಾ ಇರೂದಿಲ್ಲ" ಎಂಬುದು ಇವರ ಉತ್ತರ. ಹಾಗೆ ಹೇಳುವಾಗ ಇವರ ಮುಖದಲ್ಲಿ ಸಂತೋಷ ಕಾಣುತ್ತಿರಲಿಲ್ಲ. ಬಸ್ಸು ತಪ್ಪಿಹೋಗುತ್ತದೆ ಎಂಬಂಥ ಗಾಬರಿ ಕಾಣುತ್ತಿತ್ತು. ಏಕೆಂದು ನನಗೆ ತಿಳಿಯುತ್ತಿರಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರುತ್ತಿತ್ತು.

ಹೋದ ವರ್ಷ ಸುಗ್ಗಿ ಹಬ್ಬಕ್ಕೆ ಮುಂಚಿನ ವಾರ ಕಾರ್ಖಾನೆಯಲ್ಲೇ ಇವರಿಗೆ ಎದೆನೋವು ಬಂತು. ಜೊತೆಯವರು ಸೀದಾ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ರಕ್ತನಾಳದಲ್ಲಿ ಅಡಚಣೆ ಇತ್ತು, ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನ ಕಡೆ ತಿರುಗಿ, ಒಂದು ತಿಂಗಳು ಕಾರು ಓಡಿಸುವುದು, ಭಾರ ಎತ್ತುವುದು, ಕೂಗಾಡುವುದು ಯಾವುದೂ ಕೂಡದು, ಈ ಸಲ ಬಚಾವಾಗಿದ್ದಾರೆ, ಇನ್ನೊಂದು ಸಲಕ್ಕೆ ನಾನು ಹೊಣೆಯಲ್ಲ ಎಂದರು.

ಸುಗ್ಗಿ ಹಬ್ಬವೆಂದರೆ ಊರಿನಲ್ಲಿ ಹೊಲದ ಮೊದಲ ಬೆಳೆಯನ್ನು ದೇವಾಲಯಕ್ಕೆ ತಂದೊಪ್ಪಿಸಿ ಹರಾಜು ಹಾಕುವ ಹಬ್ಬ. ದಿಲ್ಲಿಯಲ್ಲಿ ನಮಗೆಲ್ಲಿಯ ಹೊಲ? ತರಕಾರಿ ಭಯ್ಯಾನ ಗಾಡಿಯಿಂದ ಕುಂಬಳಕಾಯಿ ಕೊಂಡು ತಂದು ಒಪ್ಪಿಸುತ್ತೇವೆ, ಆಮೇಲೆ ಅದನ್ನೇ ನಾಲ್ಕು ಪಟ್ಟು ಕೊಟ್ಟು ಬಿಡಿಸಿಕೊಳ್ಳುತ್ತೇವೆ. ಹರಾಜು ಕೂಗುವವರು ಯಾವತ್ತೂ ಇವರೇ. ಆಸ್ಪತ್ರೆಯಿಂದ ಬಂದ ಮೂರನೆಯ ದಿನ, ಶನಿವಾರ ಬೆಳಿಗ್ಗೆ ನೋಡುತ್ತೇನೆ, ಇಸ್ತ್ರಿ ಪೆಟ್ಟಿಗೆ ಹಿಡಿದು ಬಿಳಿ ಅಂಗಿ ತೀಡುತ್ತಿದ್ದಾರೆ.

"ಎಲ್ಲಿಗೆ ಸವಾರಿ?" ಎಂದೆ.

"ನಾಳೆ ಸುಗ್ಗಿ ಹಬ್ಬ ಅಲ್ಲೇನ? ಏನೂ ಎತ್ತೂದಿಲ್ಲ. ಬರೇ ನಿಂತು ಕೂಗೂದು."

"ಎದಿಯೊಳಗ ಸ್ಟೆಂಟ್ ಇಟ್ಕೊಂಡು ಕುಂಬಳಕಾಯಿ ಹರಾಜ್ ಕೂಗಾಕ ಹೊಂಟೀರಲ್ಲ, ತಲಿ ನೆಟ್ಟಗ ಐತೇನ್ರಿ?"

ಕಾಲರ್ ತೀಡುವುದರಲ್ಲೇ ಇದ್ದರು. ಈ ಮನುಷ್ಯ ನನ್ನ ಮಾತು ಕೇಳುವ ಕುಲದವರಲ್ಲ ಎಂದು ನನಗೆ ಗೊತ್ತಿತ್ತು. ನಾಳೆ ಅಲ್ಲಿ ಹೋಗಿ ಬಿದ್ದುಬಿಟ್ಟರೆ ಏನು ಗತಿ? ಬಾಲ್ಕನಿಗೆ ಹೋಗಿ ಹಿಂದಿ ಸಭೆಯ ಪಾಸ್ಟರ್‌ಗೆ ಫೋನ್ ಮಾಡಿದೆ. ಅವರು ಛತ್ತೀಸ್‌ಗಢದ ಕಡೆಯ ಹಿರಿಯರು, ಇವರಿಗೆ ಅವರ ಮೇಲೆ ಗೌರವ. ಇವರು ಆಸ್ಪತ್ರೆ ಸೇರಿದ್ದು ಅವರಿಗೆ ತಿಳಿದಿರಲಿಲ್ಲ. ಯಾರಿಗೂ ಹೇಳಕೂಡದೆಂದು ಇವರು ನನ್ನಿಂದ ಆಣೆ ಮಾಡಿಸಿದ್ದರು.

ಇಷ್ಟು ವರ್ಷ ಈ ಊರಿನಲ್ಲಿ ಹಿಂದಿಯಲ್ಲೇ ಜಗಳವಾಡಿ ಹಿಂದಿಯಲ್ಲೇ ಚೌಕಾಸಿ ಮಾಡಿದವಳು ನಾನು. ಆದರೆ ಜೀವಕ್ಕೆ ದಿಗಿಲು ಬಿದ್ದಾಗ ನಾಲಿಗೆ ಗದಗಿಗೆ ಓಡಿಹೋಯಿತು. "ಪಾಸ್ಟರ್‌ಜೀ, ಇನ್ಕೋ ಆರಾಮ್ ನಹೀಂ ಹೈ. ಆಪ್ ಆಯಿಯೇ" ಎಂದೆ. ಅಷ್ಟರಲ್ಲಿ ಅಳು ಬಂದು ಫೋನ್ ಇಟ್ಟುಬಿಟ್ಟೆ.

ಒಳಗಿಂದ ಕೇಳಿಸಿಕೊಂಡಿದ್ದ ಮಗಳು ಹಣೆ ಚಚ್ಚಿಕೊಂಡಳು. "ಮಮ್ಮೀ, ಯೇ ಕ್ಯಾ ಬೋಲ್ ದಿಯಾ! ಆರಾಮ್ ನಹೀಂ ಅಂದ್ರೆ ಅವ್ರಿಗೆ ಮನಸ್ಸಿಗೆ ನೆಮ್ಮದಿ ಇಲ್ಲ ಅಂತ ಅನ್ಸತ್ತೆ. ಬೀಮಾರ್ ಹೈಂ ಬೋಲ್ನಾ ಥಾ ನಾ!"

ನಮ್ಮ ಕಡೆ ಆರಾಮ ಇಲ್ಲ ಎಂದರೆ ಮೈಗೆ ಹುಷಾರಿಲ್ಲ, ಹಿಂದಿಯವರ ಬೀಮಾರ್, ಎಂದಷ್ಟೇ. ಅದನ್ನೇ ಶಬ್ದಕ್ಕೆ ಶಬ್ದ ಹಿಂದಿ ಮಾಡಿ ಕೂತಿದ್ದೆ. ಮತ್ತೆ ಫೋನ್ ಮಾಡಿದರೆ ಪಾಸ್ಟರ್ ಎತ್ತಲಿಲ್ಲ. ಆಗಲೇ ಹೊರಟುಬಿಟ್ಟಿದ್ದರು.

ಬಂದವರು ಇವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ನಾನು ನೀರು ತರುವಷ್ಟರಲ್ಲಿ ಮಾತು ಶುರುವಾಗಿಬಿಟ್ಟಿತ್ತು. "ಭಾಯೀ, ನಿಮಗೆ ಆರಾಮ್ ಇಲ್ಲವಂತೆ, ನಿಮ್ಮ ಮನೆಯವರು ಹೇಳಿದರು. ಯಾವಾಗಿನಿಂದ?" ಎಂದು ಹಿಂದಿಯಲ್ಲಿ ಕೇಳಿದರು.

ಇವರು ಅವರ ಮುಖವನ್ನೇ ನೋಡಿದರು. ಹೋದ ವಾರದಿಂದ ಎನ್ನುತ್ತಾರೆಂದು ನಾನು ಕಾದೆ. ಇವರು "ಬಚ್ಪನ್ ಸೇ" ಎಂದರು. ಚಿಕ್ಕಂದಿನಿಂದ.

ಆಮೇಲೆ ಹೇಳಿದ್ದು ನಾನು ಮದುವೆಯಾದ ಲಾಗಾಯ್ತು ಕೇಳದ ಸಂಗತಿ. ಕೂಸಾಗಿದ್ದಾಗ ಇವರಿಗೆ ಜ್ವರ ನೆತ್ತಿಗೇರಿ ಡಾಕ್ಟರು ಕೈಬಿಟ್ಟಿದ್ದರಂತೆ. ಅತ್ತೆ ಹಾಸಿಗೆಯ ಪಕ್ಕ ಮೊಣಕಾಲೂರಿ, ಇದೊಂದನ್ನು ಉಳಿಸಿಕೊಡು, ನಿನ್ನ ಸೇವೆಗೇ ಕೊಡುತ್ತೇನೆ, ಅಯ್ಯನವರನ್ನಾಗಿ ಮಾಡುತ್ತೇನೆ ಎಂದು ಮಾತು ಕೊಟ್ಟರಂತೆ. ನಮ್ಮ ಕಡೆ ಪಾಸ್ಟರನ್ನು ಅಯ್ಯನವರು ಎನ್ನುತ್ತೇವೆ. ಕೂಸು ಉಳಿಯಿತು. ದೊಡ್ಡದಾಗಿ ಡಿಪ್ಲೊಮಾ ಮಾಡಿ ದಿಲ್ಲಿ ರೈಲು ಹತ್ತಿತು. ಅತ್ತೆ ಬೈಯಲಿಲ್ಲ, ಒಂದು ಮಾತೂ ಆಡದೆ ತೀರಿಕೊಂಡರು. ಬೈದಿದ್ದರೆ ವಾಸಿಯಿತ್ತು ಎಂದರು ಇವರು. ಆಡಿದ ಮಾತಿಗೆ ತಪ್ಪಿದ ಜೀವ ಇದು, ಭಾನುವಾರವಾದರೂ ಮೈಮುರಿದು ದುಡಿಯದಿದ್ದರೆ ಕೊಟ್ಟವನು ವಾಪಸ್ಸು ಕೇಳುತ್ತಾನೆ, ಮೊನ್ನೆ ಕೇಳಿಯೂ ಬಿಟ್ಟ, ಎಂದು ಎದೆ ಮುಟ್ಟಿಕೊಂಡರು.

ನಾನು ಲೋಟ ಹಿಡಿದು ನಿಂತಲ್ಲೇ ನಿಂತಿದ್ದೆ. ನನ್ನ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದ ಮನುಷ್ಯ ಒಳಗೊಳಗೇ ಇಷ್ಟು ಹೆದರಿಕೊಂಡಿದ್ದನೇ?

ಪಾಸ್ಟರ್ ಭಾನುವಾರದ ಉಪದೇಶದ ಹಾಗೆ ಪ್ರಸಂಗ ಮಾಡಲಿಲ್ಲ. ನನ್ನ ಕೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದರು. "ನಿಮ್ಮ ತಾಯಿ ಬೇಡಿದ್ದು ಮಗನನ್ನು. ಅವನು ಮಗನನ್ನೇ ಕೊಟ್ಟ. ಅವನ ಕೂಲಿಯಾಳಾದದ್ದು ನೀವಾಗಿಯೇ" ಎಂದರು. ಪಾಸ್ಟರ್ ಪ್ರಾರ್ಥನೆ ಮಾಡಲೆಂದು ಇವರ ಕೈ ಹಿಡಿದುಕೊಂಡರು. ಆಗ ಸ್ಟೆಂಟ್ ಹಾಕಲು ನಳಿಕೆ ತೂರಿಸಿದ್ದ ಮಣಿಕಟ್ಟಿನ ಮೇಲಿನ ಪಟ್ಟಿ ಕಣ್ಣಿಗೆ ಬಿತ್ತು.

"ಅರೇ, ಯೇ ಕ್ಯಾ ಹುವಾ?"

ಇನ್ನು ಆಣೆ ಪ್ರಮಾಣ ನೋಡುತ್ತ ಕೂರುವಂತಿರಲಿಲ್ಲ. ಎಲ್ಲ ಒದರಿಬಿಟ್ಟೆ. ಪಾಸ್ಟರ್ ಕುರ್ಚಿಯಿಂದ ಎದ್ದೇ ನಿಂತರು. "ಹೇ ಪ್ರಭು! ಆಪ್ ಬೀಮಾರ್ ಹೈಂ?" ಎಂದು ಇವರನ್ನು ಗದರಿಸಿಕೊಂಡರು. ನಾಳೆ ಗೇಟಿನಲ್ಲಿ ತಾವೇ ನಿಂತಿರುವುದಾಗಿಯೂ, ಇವರ ಕಾರು ಕಂಡರೆ ಬಂದ ದಾರಿಗೇ ತಿರುಗಿಸುವುದಾಗಿಯೂ ಹೇಳಿ, ಚಕ್ಕುಲಿ ತಿಂದು ಹೊರಟರು. ಮಗಳು ಮೂಲೆಯಲ್ಲಿ ಕಿಸಕ್ಕೆಂದಳು.

ಭಾನುವಾರ ಮಗಳೊಬ್ಬಳೇ ಮೆಟ್ರೋದಲ್ಲಿ ಸಭೆಗೆ ಹೋದಳು. ಇವರು ಮಂಚದ ಮೇಲೆ ದಿಂಬಿಗೊರಗಿ ಫೋನ್ ಹಿಡಿದು ಕೂತರು. ಈಗ ಬೀಗ ತೆಗೆದಿರಬೇಕು, ಈಗ ಮೊದಲನೆಯ ಹಾಡು, ವೈರು ಸಡಿಲ ಇದೆ ಯಾರಿಗೆ ಗೊತ್ತು, ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ನಾನು ಹತ್ತಿರ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಸಂಜೆ ಹೊತ್ತಿಗೆ ಮಗಳ ಫೋನ್ ಬಂತು. ಸ್ಪೀಕರಿನಲ್ಲಿ ಗಲಾಟೆಯೋ ಗಲಾಟೆ.

"ಪಪ್ಪಾ, ಸಬ್ ಹೋ ಗಯಾ! ಮಿಲಿಟರಿ ಆಂಟಿ ಹರಾಜು ಮಾಡಿದ್ರು, ಎಲ್ಲಾರೂ ನಕ್ಕು ನಕ್ಕು ಸಾಕಾದ್ರು. ಲಕ್ಷ್ಮೀ ನಗರದ ಅಜ್ಜಿಗಳು ಕ್ಯಾಬ್‌ನಲ್ಲಿ ಹೋದ್ರು. ಆಪ್ ಟೆನ್ಷನ್ ಮತ್ ಲೋ."

"ಅಚ್ಛಾ, ಭಾಳ ಚಲೋ ಆತು" ಎಂದು ಇವರು ಫೋನ್ ಇಟ್ಟರು. ಮುಖ ಸಣ್ಣದಾಗಿತ್ತು.

"ನಾ ಇಲ್ದನೂ ನಡೀತಲ್ಲ" ಎಂದರು.

ನನಗೆ ನಗು ಬಂದಿತ್ತು, ನೋಡಿದರೆ ಇವರ ಕಣ್ಣಲ್ಲಿ ನೀರು. "ಹಂಗಾದ್ರ ಇಷ್ಟು ವರ್ಷ ದೇವರಿಗೆ ನಾ ಬೇಕಾಗೇ ಇರಲಿಲ್ಲೇನ?"

ಇದಕ್ಕೆ ಏನು ಹೇಳಬೇಕು? ನಾನು ಪಾಸ್ಟರಲ್ಲ, ಪ್ರಸಂಗ ನನಗೆ ಬಾರದು. ಬಾಯಿಗೆ ಬಂದದ್ದನ್ನು ಹೇಳಿದೆ.

"ದೇವರದು ದೇವರನ್ನ ಕೇಳ್ರಿ. ನನಗಂತೂ ನೀವು ಬೇಕು. ಕಾರ್ ಹೊಡ್ಯಾಕ ಅಲ್ಲ, ಕುರ್ಚಿ ಹಾಕಾಕ ಅಲ್ಲ. ಸುಮ್ನ ಬೇಕು. ಮೊನ್ನೆ ದವಾಖಾನ್ಯಾಗ ನಿಮ್ಮನ್ನ ಒಳಗ ಒಯ್ದಾಗ ನಾನೂ ಬೇಡ್ಕೊಂಡೀನಿ."

ಇವರು ಬೆಚ್ಚಿಬಿದ್ದು ನನ್ನ ಕಡೆ ತಿರುಗಿದರು. "ಏನ್ ಕೊಡ್ತೀನಂದಿ?"

"ಏನೂ ಅನ್ನಲಿಲ್ರಿ."

"ಏನೂ?"

"ಗಾಬರ್ಯಾಗ ಏನೂ ಹೊಳೀಲಿಲ್ಲ. ಇವರನ್ನ ಉಳಸು ಅಂದೆ, ಅಷ್ಟ. ಉಳಸ್ಯಾನಲ್ಲ."

ಇವರು ಫೋನನ್ನು ನನ್ನ ಕೈಗೆ ಕೊಟ್ಟು, ದಿಂಬು ಕೆಳಗೆ ಸರಿಸಿಕೊಂಡು ಮಲಗಿದರು.